ಕುಬ್ಜ ಜೇಡಗಳೂ ಜಗಳೂರಿನ ಶಾವಿಗೆಯೂ

ಹೊನ್ನಾಳಿಯ ವಿಜ್ಞಾನ ಟೀಚರ್ ಸಂಧ್ಯಾರಾಣಿ ಬೇಸಿಗೆ ರಜೆಯ ಮೊದಲ ದಿನವೇ ಫರ್ಮಾನು ಹೊರಡಿಸಿದರು: ಈ ಓಣಿಯ ಯಾವ ಮಗುವೂ ಇನ್ನು ಮುಂದೆ ಜೇಡ ಕಂಡು ಹೆದರಕೂಡದು! ಆ ಘನಕಾರ್ಯಕ್ಕೆ ಅವರು ಆರಿಸಿಕೊಂಡದ್ದು ಕುಬ್ಜ ಜೇಡಗಳನ್ನು. ಎಳ್ಳುಕಾಳಿನಷ್ಟು ಗಾತ್ರ, ಭತ್ತದ ಪೈರಿನ ಬುಡದಲ್ಲಿ ವಾಸ. ಮಗಳು ರಕ್ಷಾ, ಪಕ್ಕದ ಮನೆಯ ಕೆಂಚೇಶ್ ಇಬ್ಬರನ್ನೂ ಕಟ್ಟಿಕೊಂಡು ಗದ್ದೆಗಿಳಿದು, ಒಂದು ಡಬ್ಬಿ ತುಂಬ ಹಿಡಿದು ತಂದರು.

"ಅದನ್ನ ಒಳಗೆ ತರಬ್ಯಾಡವ್ವ," ಎಂದರು ಅತ್ತೆ ದ್ಯಾಮಮ್ಮ.

"ಒಳಗ್ಯಾಕೆ ಅತ್ತೆ, ಮಾಳಿಗೆ ಮೇಲೆ ಪಾಠ ಮಾಡ್ತೀನಿ."

ಮಾಳಿಗೆಯ ಮೇಲೆ ಕೋಲುಗಳಿಗೆ ಇಳಿಬಿಟ್ಟು ಒಣಹಾಕಿದ್ದು ದ್ಯಾಮಮ್ಮನವರ ಶಾವಿಗೆ. ಮಗಳನ್ನು ಕೊಟ್ಟ ಜಗಳೂರಿಗೆ ಅಂದೇ ಸಂಜೆ ಬಸ್ಸಿನಲ್ಲಿ ಹೋಗಬೇಕಾದದ್ದು. ಅಲ್ಲಿನ ಬೀಗಿತಿ ಪ್ರತಿ ವರ್ಷವೂ ಕನ್ನಡಕ ಏರಿಸಿಕೊಂಡು, ಎಳೆ ದಪ್ಪವಾಯಿತು ಎಂದು ಮೂಗು ಮುರಿಯುತ್ತಿದ್ದರು. ಈ ಸಲ ಆಕೆಯ ಬಾಯಿ ಮುಚ್ಚಿಸಲೇಬೇಕೆಂದು ದ್ಯಾಮಮ್ಮ ಎರಡು ದಿನ ರಟ್ಟೆ ನೋಯುವಷ್ಟು ಮಿಷನ್ ತಿರುವಿದ್ದರು.

"ಇವು ಎತ್ತರದ ಜಾಗ ಹತ್ತಿ, ನೂಲು ಬಿಟ್ಟು, ಗಾಳೀಲಿ ತೇಲ್ಕೊಂಡು ಹೋಗ್ತಾವೆ," ಎಂದು ಟೀಚರ್ ಮುಚ್ಚಳ ತೆಗೆದರು.

ಜೇಡಗಳು ಪಾಠವನ್ನು ಚಾಚೂ ತಪ್ಪದೆ ಪಾಲಿಸಿದವು. ಅಲ್ಲಿ ಎತ್ತರದ ಜಾಗವೆಂದರೆ ಶಾವಿಗೆ ಕೋಲೇ! ಸಾಲುಗಟ್ಟಿ ಹತ್ತಿದವು, ನೂಲು ಬಿಟ್ಟವು. ಗಾಳಿ ಮಾತ್ರ ಪತ್ತೆಯಿಲ್ಲ. ಪಾಪ, ಬಿಟ್ಟ ನೂಲೆಲ್ಲ ಶಾವಿಗೆಗೇ ಸುತ್ತಿಕೊಂಡಿತು.

ದ್ಯಾಮಮ್ಮ ಪೊರಕೆ ಹಿಡಿದು ಬಂದರೆ, ಮಕ್ಕಳಿಬ್ಬರೂ ಕೈ ಚಾಚಿ ಅಡ್ಡ ನಿಂತರು.

"ಅವು ಹಾರೋ ತನಕ ಯಾರೂ ಮುಟ್ಟಂಗಿಲ್ಲ ಅಜ್ಜಿ," ಎಂದಳು ರಕ್ಷಾ.

"ಸರ್ಕೊಳ್ಳೇ ಆ ಕಡೆ. ಪೊರಕೆ ಕಾಣ್ತೈತಾ?"

"ಹೆದರಬಾರ್ದು ಅಂತ ಟೀಚರ್ ಹೇಳ್ಯಾರೆ. ನಿಮಗೂ ಹೆದರಾಕಿಲ್ಲ," ಎಂದ ಕೆಂಚೇಶ್.

ಅತ್ತೆಯ ಮುಖ ನೋಡಿದ ಸಂಧ್ಯಾರಾಣಿಯ ವಿಜ್ಞಾನ ಮೆತ್ತಗಾಯಿತು. "ಒಂಚೂರು ಕೊಡವಿಬಿಡ್ರೋ," ಎಂದರು.

"ನೀನು ಯಾರ ಕಡೆ ಅಮ್ಮ?"

ಮಕ್ಕಳು ಜಪ್ಪಯ್ಯ ಎಂದರೂ ಕದಲಲಿಲ್ಲ. ನಾಲ್ಕು ಗಂಟೆಗೆ ಗಾಳಿ ಎದ್ದಿತು. ಜೇಡಗಳು ಒಂದೊಂದಾಗಿ ತೇಲಿ ಹೋದವು. ಪೊರಕೆ ಕಂಕುಳಲ್ಲಿಟ್ಟುಕೊಂಡು ದ್ಯಾಮಮ್ಮನವರೂ ಬಾಯಿ ತೆರೆದು ನೋಡಿದರು. ನೂಲು ಮಾತ್ರ ಅಲ್ಲೇ ಉಳಿಯಿತು. ದ್ಯಾಮಮ್ಮ ಕೈಗೆ ಸಿಕ್ಕಷ್ಟು ಬಿಡಿಸಿ, ಉಳಿದದ್ದರ ಭಾರ ದೇವರ ಮೇಲೆ ಹಾಕಿ, ಶಾವಿಗೆಯನ್ನು ಬಸ್ಸಿಗೇರಿಸಲು ಓಡಿದರು.

ಮೂರನೇ ದಿನ ಜಗಳೂರಿನ ಬೀಗಿತಿಯ ಫೋನು. ದ್ಯಾಮಮ್ಮ ಸ್ಪೀಕರ್ ಹಾಕಿದರು.

"ಏನ್ ಸಣ್ಣ ಎಳೆ ರೀ ಈ ಸಲ! ಕೂದಲಿಗಿಂತ ಸಣ್ಣ, ಬೇಯಿಸಿದ್ರೂ ಕರಗಲಿಲ್ಲ. ಯಾರ ಕೈಕೆಲಸ ರೀ ಇದು?"

"ನಮ್ಮ ಸೊಸೇನೇ ಹೇಳ್ತಾಳೆ ತಡೀರಿ," ಎಂದು ದ್ಯಾಮಮ್ಮ ತಣ್ಣಗೆ ಫೋನು ದಾಟಿಸಿದರು.

ಮಕ್ಕಳಿಬ್ಬರೂ ಟೀಚರ್ ಮುಖವನ್ನೇ ನೋಡುತ್ತ ನಿಂತರು. ಸಂಧ್ಯಾರಾಣಿ ಫೋನನ್ನು ಬಾಯಿಯ ಹತ್ತಿರ ಹಿಡಿದರು.

"ಎಲ್ಲಾ ನಮ್ಮತ್ತೇರ ಕೈಗುಣ ರೀ."

ರಕ್ಷಾ ಕೆಂಚೇಶನ ಕಡೆ ತಿರುಗಿದಳು. "ನಮ್ಮಮ್ಮ ಹೆದರದೇ ಇರೋದು ಜೇಡಕ್ಕೆ ಮಾತ್ರ ಕಣೋ."