ಮಗಳ ಸೀಟಿಗೆ ನಾನು ಬರೆದ ಶಿಫಾರಸು

ಹೊಗಳುವುದು ನನಗೆ ಬರುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹದಿನೈದು ವರ್ಷದಿಂದ ಟೋಕಿಯೊದಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೇನೆ. ಬೇರೆಯವರು ಬೆವರು ಸುರಿಸಿ ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ಏನೇನು ಸರಿಯಾಗಿದೆ ಎಂದು ಯಾರೂ ಇದುವರೆಗೆ ಕೇಳಿದ್ದಿಲ್ಲ. ಇಂಥವನು ಮಗಳಿಗೆ ಕಾಲೇಜು ಸೀಟು ಸಿಗುತ್ತದೋ ಇಲ್ಲವೋ ಎಂದು ಅಂದಾಜು ಹಾಕಲು ಕುಳಿತರೆ ಏನಾಗಬೇಕೋ ಅದೇ ಆಯಿತು.

ಕೊರೊನಾ ಕಾಲ. ಫುನಾಬೊರಿ ಬಡಾವಣೆಯ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ನನ್ನ ಆಫೀಸು, ಮಗಳು ನಿಧಿಯ ಹನ್ನೆರಡನೇ ಕ್ಲಾಸು, ಹೆಂಡತಿ ಸುಮಾಳ ಚಪಾತಿ ಮಣೆ ಮೂರೂ ಒಂದೇ ಮೇಜಿನ ಮೇಲೆ. ನಿಧಿಗೆ ಅಮೆರಿಕದ ಲಿಬರಲ್ ಆರ್ಟ್ಸ್ ಕಾಲೇಜೇ ಬೇಕು. ಇತಿಹಾಸವನ್ನೂ ಜೀವಶಾಸ್ತ್ರವನ್ನೂ ಒಟ್ಟಿಗೆ ಓದಬಹುದಾದ, ಅರ್ಜಿ ಹಾಕಿದವರಲ್ಲಿ ಬೆರಳೆಣಿಕೆಯಷ್ಟು ಮಂದಿಯನ್ನು ಮಾತ್ರ ಒಳಗೆ ಬಿಡುವ ಸಣ್ಣ ಕಾಲೇಜುಗಳು. ನನ್ನ ಸಹೋದ್ಯೋಗಿ ಸಾತೋ-ಸಾನ್ ಅವರ ಮಗನಿಗಾದರೆ ಜಪಾನಿನ ಕಾಲೇಜೇ ಸಾಕಾಗಿತ್ತು; ಅದಕ್ಕೆ ಮಾದರಿ ಪರೀಕ್ಷೆ ಬರೆದರೆ ಸಾಕು, ‘ಎ’ಯಿಂದ ‘ಇ’ವರೆಗಿನ ಒಂದು ಅಕ್ಷರ ಬರುತ್ತದೆ; ‘ಎ’ ಬಂದರೆ ನಿಶ್ಚಿಂತೆ, ‘ಇ’ ಬಂದರೆ ಬೇರೆ ಕಾಲೇಜು ನೋಡಿಕೊಳ್ಳಬೇಕು. ಈ ಕಾಲೇಜುಗಳೋ, ನಾವು ಇಡೀ ವ್ಯಕ್ತಿಯನ್ನು ನೋಡುತ್ತೇವೆ ಎನ್ನುತ್ತವೆ. ಇಡೀ ವ್ಯಕ್ತಿ ದಿನವಿಡೀ ನನ್ನೆದುರೇ ಕುಳಿತಿದ್ದಳಲ್ಲ, ನಾನೇ ಎಕ್ಸೆಲ್ ಶೀಟ್ ತೆರೆದೆ. ಅಂಕ, ಪರವಾಗಿಲ್ಲ. ಆಟ, ಸೊನ್ನೆ. ಪಿಟೀಲು, ಅರ್ಧಕ್ಕೆ ಬಿಟ್ಟಿದ್ದು. ನಾಯಕತ್ವ, ತಿಂದ ತಟ್ಟೆ ತೆಗೆಯುವುದಿಲ್ಲ. ಅವಳು ಆರಿಸಿದ್ದ ಎಂಟು ಕಾಲೇಜುಗಳ ಎದುರೂ, ಸಿಗುವುದಿಲ್ಲವೆಂದು ಕೆಂಪು ಬಣ್ಣ ಹಚ್ಚಿದೆ.

ಆ ಶೀಟಿನಲ್ಲಿ ಜಾಗವಿಲ್ಲದ ಸಂಗತಿಯೊಂದಿತ್ತು. ನಮ್ಮ ಕಟ್ಟಡಕ್ಕೆ ಹೊಸದಾಗಿ ಬಂದಿದ್ದ ಭಾರತದವರಿಗೆ ವಾರ್ಡ್ ಆಫೀಸಿನಿಂದ ಲಸಿಕೆಯ ಫಾರಂ ಬರುತ್ತಿತ್ತು, ಪೂರ್ತಿ ಜಪಾನಿ ಭಾಷೆಯಲ್ಲಿ. ಶನಿವಾರ ಬೆಳಿಗ್ಗೆ ನಿಧಿ ಮಾಸ್ಕ್ ಹಾಕಿಕೊಂಡು ಕೆಳಗಿನ ಸೈಕಲ್ ಸ್ಟ್ಯಾಂಡಿನಲ್ಲಿ ನಿಂತು ಒಬ್ಬೊಬ್ಬರಿಗೂ ಓದಿ ಹೇಳುತ್ತಿದ್ದಳು. ಕನ್ನಡದಲ್ಲಿ ನಾಲ್ಕು ಮಾತಾಡಲು ತಡವರಿಸುವ ಹುಡುಗಿ, ಮಂಡ್ಯ ಕಡೆಯ ಗರ್ಭಿಣಿಯೊಬ್ಬಳ ಭಯವನ್ನು ಸಮಾಧಾನವಾಗಿ ಕೇಳಿಸಿಕೊಂಡಳು. ಆಮೇಲೆ ವಾರ್ಡ್ ಆಫೀಸಿಗೆ ಫೋನ್ ಹಚ್ಚಿ, ‘ಸುಮಿಮಾಸೆನ್’, ಅಂದರೆ ಕ್ಷಮಿಸಿ, ಎಂದು ಶುರುಮಾಡಿ, ಅರ್ಧ ಗಂಟೆ ಪಟ್ಟು ಬಿಡದೆ ವಾದಿಸಿ, ಆಕೆ ವೈದ್ಯರೊಂದಿಗೆ ಮಾತಾಡುವಂತೆ ಮಾಡಿಸಿಯೇ ಬಿಟ್ಟಳು. ಬಾಲ್ಕನಿಯಿಂದ ನೋಡುತ್ತಿದ್ದ ನನಗೆ ಹೆಮ್ಮೆಯಿಂದ ಎದೆ ತುಂಬಿ ಬಂತು. ಕೆಳಗಿಳಿದು ಹೋಗಿ, ಬಿಸಿಲಿಗೆ ಟೋಪಿ ಹಾಕಿಕೊಂಡಿಲ್ಲವೆಂದು ಬೈದೆ.

ಅವಳಿಗೆ ತೀರಾ ಇಷ್ಟವಾಗಿದ್ದ ಕಾಲೇಜಿನವರು, ತಂದೆತಾಯಿ ಬಯಸಿದರೆ ಮಗಳ ಬಗ್ಗೆ ಒಂದು ಪತ್ರ ಬರೆಯಬಹುದು ಎಂದಿದ್ದರು. ಮಕ್ಕಳನ್ನು ಹೊಗಳಿದರೆ ದೃಷ್ಟಿಯಾಗುತ್ತದೆಂದು ಹೆದರುವ ಮನೆಯಲ್ಲಿ ಬೆಳೆದವನು ನಾನು. ಅದರ ಮೇಲೆ, ಮಗನ ಹೆಸರೆತ್ತಿದರೆ ಇಲ್ಲಿಯವರ ವಿನಯದಲ್ಲಿ ಪ್ರಯೋಜನವಿಲ್ಲದ ಹುಡುಗ ಎಂದು ತಲೆ ಬಾಗಿಸುವ ಸಾತೋ-ಸಾನ್ ಸಹವಾಸ. ಹಾಗಾಗಿ ನನ್ನ ಪತ್ರ ಹೀಗಾಯಿತು: ‘ಇನ್ನೂ ಬುದ್ಧಿ ಬಲಿಯದ ನನ್ನ ಮಗಳಿಂದ ನಿಮಗೆಲ್ಲ ತೊಂದರೆಯಾಗಲಿದೆ. ವಾರ್ಡ್ ಆಫೀಸಿನವರೊಂದಿಗೂ ಅರ್ಧ ಗಂಟೆ ವಾದಿಸುತ್ತಾಳೆ. ಬಿಸಿಲಿಗೆ ಟೋಪಿ ಹಾಕುವುದಿಲ್ಲ. ದಯವಿಟ್ಟು ಸಹಿಸಿಕೊಳ್ಳಿ.’ ವಿನಯ ಚೆನ್ನಾಗಿ ಬಂದಿದೆ ಎಂದುಕೊಂಡು ಕಳಿಸಿಯೂ ಬಿಟ್ಟೆ. ಆಮೇಲೆ ಓದಿದ ಸುಮಾ, “ರೀ, ಇದು ರೆಕಮಂಡೇಶನ್ನಾ, ಕಂಪ್ಲೇಂಟಾ? ಮಗು ಸೀಟು ನೀವೇ ಕಳೆದ್ರಲ್ಲ” ಎಂದಳು. ಅವಳೇ ಅದನ್ನು ನಿಧಿಗೂ ತೋರಿಸಿದಳು. ನಿಧಿ ಓದಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಎರಡು ವಾರ ನನಗೆ ಅನ್ನ ಸೇರಲಿಲ್ಲ.

ಸಂದರ್ಶನ ವಿಡಿಯೊ ಕಾಲ್‌ನಲ್ಲಿ, ಬೆಳಿಗ್ಗೆ ಏಳಕ್ಕೆ. ನಾನು ಬಟ್ಟೆ ಒಣಹಾಕುವ ನೆಪದಲ್ಲಿ ಬಾಲ್ಕನಿಯ ಬಾಗಿಲಿಗೆ ಕಿವಿಯಾಗಿ ನಿಂತಿದ್ದೆ. ನಿಮ್ಮ ತಂದೆಯ ಪತ್ರ ಓದಿದೆವು ಎಂದರು ಅಲ್ಲಿಯ ಮೇಡಂ. ನನ್ನ ಕೈಯಲ್ಲಿದ್ದ ಕಾಲುಚೀಲ ಕೆಳಗಿನ ಮನೆಯವರ ಬಾಲ್ಕನಿಗೆ ಬಿತ್ತು. ನಿಧಿ ನಕ್ಕು ಇಂಗ್ಲಿಷಿನಲ್ಲಿ ಹೇಳಿದಳು: “ಅಪ್ಪ ಹೊಗಳೋದೇ ಹೀಗೆ. ಅರ್ಧ ಗಂಟೆ ವಾದಿಸಿದೆ ಅಂತ ಅವರಿಗೆ ಗೊತ್ತು ಅಂದ್ರೆ, ಅಷ್ಟು ಹೊತ್ತೂ ನಿಂತು ನೋಡಿದ್ದಾರೆ.” ಮೇಜನ್ನು ತನಗೆ ಬಿಟ್ಟುಕೊಟ್ಟು ಅಪ್ಪ ಈ ಚಳಿಯಲ್ಲೂ ಬಾಲ್ಕನಿಯಿಂದಲೇ ಆಫೀಸಿನ ಮೀಟಿಂಗ್ ಮಾಡುತ್ತಾರೆ, ಕೇಳಿದರೆ ಒಳಗೆ ಸೆಕೆ ಎನ್ನುತ್ತಾರೆ ಎಂದೂ ಸೇರಿಸಿದಳು. ನಾನು ಅವಳಿಗೆ ಕೆಂಪು ಬಣ್ಣ ಹಚ್ಚುತ್ತಿದ್ದಷ್ಟೂ ದಿನ ಅವಳು ನನ್ನನ್ನು ಇಷ್ಟು ಚೆನ್ನಾಗಿ ಓದಿಕೊಂಡಿದ್ದಳು. ಒದ್ದೆ ಟವೆಲಿನಲ್ಲೇ ಮುಖ ಒರೆಸಿಕೊಂಡೆ.

ಸೀಟು ಸಿಕ್ಕಿತು. ಈಗಲಾದರೂ ಮಗುವಿಗೆ ಬಾಯಿಬಿಟ್ಟು ಒಂದು ಒಳ್ಳೆಯ ಮಾತು ಹೇಳಿ ಎಂದು ಸುಮಾ ನನ್ನನ್ನು ಎಳೆದುತಂದು ಅವಳ ಮುಂದೆ ನಿಲ್ಲಿಸಿದಳು. ಬಚ್ಚಲುಮನೆಯಲ್ಲಿ ಅಭ್ಯಾಸ ಮಾಡಿಕೊಂಡಿದ್ದ ವಾಕ್ಯ ಒಂದು, ಬಾಯಿಂದ ಬಂದದ್ದು ಇನ್ನೊಂದು.

“ಅಲ್ಲಿ ಬೆಳಿಗ್ಗೆ ಎಬ್ಬಿಸೋರು ಯಾರೂ ಇರಲ್ಲ. ಅಲಾರಂ ಇಟ್ಕೋ” ಎಂದೆ.

“ಥ್ಯಾಂಕ್ಯೂ ಅಪ್ಪ” ಎಂದಳು ನಿಧಿ. ಅವಳ ಕಣ್ಣು ಒದ್ದೆಯಾಗಿತ್ತು. ಅಷ್ಟೊಂದು ಹೊಗಳಬಾರದಿತ್ತೇನೋ ಎಂದು ನನಗೆ ಆಮೇಲೆ ಅನ್ನಿಸಿತು.