ಗೋವಿಂದರಾಜನಗರದಲ್ಲೊಂದು ಮೋಟಾರ್ ಬೋಟು

ನೀರಿಲ್ಲದ ಬಡಾವಣೆಯಲ್ಲಿ ಮೋಟಾರ್ ಬೋಟ್ ಇಟ್ಟುಕೊಂಡವನು ನಗೆಪ್ರಸಂಗ ಹುಡುಕಿಕೊಂಡು ಹೋಗಬೇಕಾಗಿಲ್ಲ. ಗೇಟು ತೆಗೆದರೆ ಸಾಕು, ಅವೇ ಒಳಗೆ ಬರುತ್ತವೆ. ಹೆಂಡತಿ ನನ್ನನ್ನು ನಾಯಂಡಹಳ್ಳಿಯ ಗೋಡೌನಿಗೆ ಕಳಿಸಿದ್ದು ಊಟದ ಮೇಜಿಗೆ ಕುರ್ಚಿ ತರಲು. ಮುಚ್ಚಿಹೋದ ಯಾವುದೋ ರೆಸಾರ್ಟಿನ ಸಾಮಾನು ಅಲ್ಲಿ ಮಾರಾಟಕ್ಕಿತ್ತು. ಕುರ್ಚಿಗಳ ಹಿಂದೆ, ಟ್ರೇಲರಿನ ಮೇಲೆ, ಪುಟ್ಟದೊಂದು ನೀಲಿ ಬೋಟು ಕೂತಿತ್ತು. “ಇದ್ರಲ್ಲೂ ನಾಲ್ಕು ಸೀಟಿದೆ ಕಣೇ” ಅಂತ ಫೋನಿನಲ್ಲಿ ಹೇಳಿದೆ. ಅವಳು ಫೋನ್ ಕಟ್ ಮಾಡಿದಳು. ನಾನು ಅದನ್ನೇ ಒಪ್ಪಿಗೆ ಅಂದುಕೊಂಡೆ.

ಹೊಳೆ ಎಲ್ಲಿ?

ಬೋಟು ಬಂದ ಮೇಲೆ ನಮ್ಮ ಮನೆಗೆ ವಿಳಾಸ ಹೇಳುವ ಕಷ್ಟ ತಪ್ಪಿತು. “ಬೋಟ್ ನಿಂತಿರೋ ಮನೆ” ಅಂದರೆ ಮುಗಿಯಿತು. ಒಂದು ಸಂಜೆ ಊಟದ ಪಾರ್ಸೆಲ್ ತಂದ ಹುಡುಗ ಗೇಟಿನ ಹತ್ತಿರ ನಿಂತು ಬೋಟನ್ನೇ ನೋಡುತ್ತಿದ್ದ. ಬಾಗಲಕೋಟೆ ಕಡೆಯವನು, ಊರಿಗೆ ಹೊಸಬ.

“ಸರ, ಒಂದ್ ಮಾತ್ ಕೇಳ್ಲೇನ್ರಿ?”

“ಕೇಳಪ್ಪ.”

“ಇಲ್ಲಿ ಮೊದ್ಲ ಹೊಳಿ ಹರೀತಿತ್ತೇನ್ರಿ?”

ಇಲ್ಲ ಅಂದೆ. ಅವನಿಗೆ ನಂಬಿಕೆ ಬರಲಿಲ್ಲ. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ನೋಡಿ, ದನಿ ತಗ್ಗಿಸಿ ಸಮಾಧಾನ ಹೇಳಿದ: “ಇರ್ಲಿ ಬಿಡ್ರಿ ಸರ. ನಮ್ಮೂರಾಗೂ ಹೊಳಿ ಹಿಂಗ ಬತ್ತಿತ್ತು. ಮತ್ತ ನೀರ ಬರತೈತಿ, ಬೋಟ್ ಮಾರಬ್ಯಾಡ್ರಿ.”

ಮಜ್ಜಿಗೆ ಕಡೆದದ್ದು

ಬೋಟಿನ ಇಂಜಿನ್ನನ್ನು ಆಗಾಗ ಓಡಿಸದಿದ್ದರೆ ಜಾಮ್ ಆಗುತ್ತದೆ. ಒಣಗಿದ್ದಾಗ ಓಡಿಸಿದರೆ ಸುಟ್ಟುಹೋಗುತ್ತದೆ. ಹಾಗಾಗಿ ನೀರು ತಳ್ಳುವ ಅದರ ಫ್ಯಾನು ಮುಳುಗುವಷ್ಟು ನೀರು ಬೇಕು. ನಮ್ಮಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ. ಹೆಂಡತಿ ಬೆಳಿಗ್ಗೆ ಎದ್ದು ನೀಲಿ ಡ್ರಮ್ ತುಂಬಿಸಿ ಸ್ನಾನಕ್ಕೆ ಹೋಗಿದ್ದಳು. ನಾನು ಡ್ರಮ್ಮನ್ನು ಎಳೆದುಕೊಂಡು ಹೋಗಿ ಬೋಟಿನ ಹಿಂದೆ ಇಟ್ಟು, ಫ್ಯಾನು ಇಳಿಸಿ, ಇಂಜಿನ್ ಸ್ಟಾರ್ಟ್ ಮಾಡುವ ದಾರ ಎಳೆದೆ.

ಅರ್ಧ ನೀರು ಎದುರು ಮನೆಯ ಆಂಟಿಯ ರಂಗೋಲಿ ಮೇಲೆ ಬಿತ್ತು, ಉಳಿದರ್ಧದಲ್ಲಿ ಎಣ್ಣೆ ತೇಲಿತು. ಆಂಟಿ ಸೆರಗಿನಲ್ಲಿ ಮುಖ ಒರೆಸಿಕೊಂಡು, “ಬೆಣ್ಣೆ ಬಂತೇನ್ರೀ?” ಅಂದರು.

ಹೆಂಡತಿ ನಗಲಿಲ್ಲ. ಅವತ್ತೇ ತೀರ್ಪು ಕೊಟ್ಟಳು. “ನನ್ನನ್ನೂ ಅತ್ತೆನೂ ಕೂರಿಸ್ಕೊಂಡು ಒಂದ್ಸಲ ನೀರಲ್ಲಿ ಹೋಗಿ, ಯಾರನ್ನೂ ಸಹಾಯಕ್ಕೆ ಕರೀದೆ ದಡಕ್ಕೆ ಬನ್ನಿ. ಆಗ ಬೋಟ್ ಇರುತ್ತೆ. ಇಲ್ದಿದ್ರೆ ಬಂದ ಗೋಡೌನಿಗೇ ವಾಪಸ್ಸು.”

 ಕಾರು, ಸೈಟು, ಯಾವುದರ ಮೇಲೂ ನನಗೆ ಆ ಬೋಟಿನ ಮೇಲಿದ್ದಷ್ಟು ಆಸೆ ಇರಲಿಲ್ಲ. ಬೋಟಿನಲ್ಲಿ ಸುಮ್ಮನೆ ಕೂತು ಕಾಫಿ ಕುಡಿದರೂ ಸಾಕು, ಆ ದಿನ ಚೆನ್ನಾಗಿರುತ್ತಿತ್ತು. ಅಮ್ಮನೂ ಬಂದು ಎದುರು ಸೀಟಿನಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. “ಗಾಳಿ ಚೆನ್ನಾಗಿ ಬರುತ್ತೆ ಕಣೋ ಇಲ್ಲಿ” ಅನ್ನುತ್ತಿದ್ದಳು. ಗಾಳಿ ಮಾಗಡಿ ರಸ್ತೆಯದ್ದು, ಡೀಸೆಲ್ ಸಮೇತ.

ಬರ್ಲಿ ಬರ್ಲಿ

ಟ್ರೇಲರ್ ಕಟ್ಟಿದ ಕಾರನ್ನು ರಿವರ್ಸ್ ತೆಗೆಯುವಾಗ ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಬೋಟು ಬಲಕ್ಕೆ ಹೋಗುತ್ತದೆ. ಇದು ಬೀದಿಯವರಿಗೆ ಗೊತ್ತಿಲ್ಲ. ನಮ್ಮ ಕಡೆ ಒಂದು ಗಾಡಿ ಹಿಂದಕ್ಕೆ ಬರುತ್ತಿದೆ ಅಂದರೆ ಇಸ್ತ್ರಿಯವನು, ಹಾಲಿನವನು, ವಾಕಿಂಗ್ ಬಂದವರು ಎಲ್ಲರೂ ಕೈ ಬೀಸಲೇಬೇಕು. “ಬರ್ಲಿ ಬರ್ಲಿ, ಲೆಫ್ಟ್ ಕಟ್, ಇನ್ನೂ ಲೆಫ್ಟ್ ಗುರು!” ರಿವರ್ಸ್ ಅಭ್ಯಾಸಕ್ಕೆಂದು ಹೊರಗೆ ತೆಗೆದ ಬೆಳಿಗ್ಗೆ, ಅವರು ಹೇಳಿದಷ್ಟೂ ಬೋಟು ಉಲ್ಟಾ ಹೋಗಿ, ಕೊನೆಗೆ ಬೀದಿಗೆ ಅಡ್ಡಲಾಗಿ ಸಿಕ್ಕಿಕೊಂಡಿತು. ಆ ಕಡೆ ಶಾಲೆ ವ್ಯಾನು, ಈ ಕಡೆ ನೀರಿನ ಟ್ಯಾಂಕರು.

ಈ ಜಾಗವೆಲ್ಲ ಹೊಲವಾಗಿದ್ದಾಗಿನಿಂದ ಇಲ್ಲಿರುವ ಮೂಲೆ ಮನೆ ಗೌಡರು ಎಲ್ಲರನ್ನೂ ಬೈದು ಸರಿಸಿ ತಾವೇ ಎದುರು ನಿಂತರು. ಮೀಸೆ ಮೇಲೆ ಕೈಯಾಡಿಸಿ ಬೋಟನ್ನೊಮ್ಮೆ, ಟ್ಯಾಂಕರನ್ನೊಮ್ಮೆ ನೋಡಿದರು. 

“ಒಂದ್ ಕೆಲ್ಸ ಮಾಡಿ,” ಅಂದರು. “ಟ್ಯಾಂಕರ್ ನೀರು ಬೀದಿಗೆ ಬಿಡ್ರಪ್ಪಾ. ತೇಲಿಸ್ಕೊಂಡ್ ಹೋಗ್ಲಿ.”

ಯಾರ ನಿಂಬೆಹಣ್ಣು?

ಅಮ್ಮ ಈಗಿಲ್ಲ. ಆಯುಧಪೂಜೆ ಬಂದರೆ ಅವಳು ಬೋಟಿಗೆ ಮಾಡಿದ ಪೂಜೆ ನೆನಪಾಗಿ ನಗುವೂ ಬರುತ್ತದೆ, ಕಣ್ಣೂ ಒದ್ದೆಯಾಗುತ್ತದೆ. ಅವತ್ತು ಸೋಪು ಹಾಕಿ ಬೋಟಿನ ಒಳಗೆಲ್ಲ ತೊಳೆಸಿದಳು. ಆ ನೀರು ಹೋಗಲೆಂದು ನಾನು ಹಿಂಬದಿಯ ತೂತಿನ ಹಿತ್ತಾಳೆ ಬಿರಡೆ ಬಿಚ್ಚಿದೆ. ಅಮ್ಮ ಅದನ್ನು ಹುಣಸೆಹಣ್ಣಿನಲ್ಲಿ ಫಳಫಳ ಉಜ್ಜಿ, ಕುಂಕುಮ ಇಟ್ಟು, ಈಳಿಗೆಮಣೆ, ಕತ್ತರಿ, ನನ್ನ ಸ್ಪ್ಯಾನರ್ ಜೊತೆ ದೇವರ ಮುಂದೆ ಇಟ್ಟಳು. ಪೂಜೆಗಿಟ್ಟದ್ದನ್ನು ಮಾರನೇ ದಿನದವರೆಗೆ ಮುಟ್ಟುವ ಹಾಗಿಲ್ಲ.

ಆಮೇಲೆ ನಿಂಬೆಹಣ್ಣಿನ ಪ್ರಶ್ನೆ ಬಂತು. ನಾನು ಚಕ್ರದ ಕೆಳಗೆ ಇಟ್ಟೆ.

“ಅದು ಟ್ರೇಲರ್‌ದು. ಬೋಟಿಂದು ಎಲ್ಲಿ?” ಅಂದಳು ಅಮ್ಮ.

“ಬೋಟಿಗೆ ಚಕ್ರ ಇಲ್ವಲ್ಲಮ್ಮ.”

“ಫ್ಯಾನಿದೆಯಲ್ಲ. ಅದರ ಕೆಳಗಿಟ್ಟು ಸ್ಟಾರ್ಟ್ ಮಾಡು.”

“ನೀರಿಲ್ದೆ ಸ್ಟಾರ್ಟ್ ಮಾಡಬಾರ್ದು.”

“ಡ್ರಮ್ ತಾ ಮತ್ತೆ.”

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: “ಡ್ರಮ್ ಮುಟ್ಟಿದ್ರೆ ನೋಡಿ!”

ಅಮ್ಮ ಇನ್ನೊಂದು ನಿಂಬೆಹಣ್ಣನ್ನು ಫ್ಯಾನಿನ ಕೆಳಗಿಟ್ಟು, ಸೀರೆ ಎತ್ತಿಕಟ್ಟಿ, ಬೋಟಿನ ಪರವಾಗಿ ತಾನೇ ಹಿಮ್ಮಡಿಯಲ್ಲಿ ಪಚಕ್ಕನೆ ತುಳಿದಳು.

ತಣ್ಣೀರು

ಮಾರನೇ ದಿನ ವಿಜಯದಶಮಿ. ಹೊರಟ ಕೆಲಸ ಗೆಲ್ಲುವ ದಿನ ಅಂತ ಅಮ್ಮನೇ ಅದನ್ನು ಗೊತ್ತುಮಾಡಿದ್ದಳು. ಬೋಟನ್ನು ಮೈಸೂರು ಕಡೆಯ ಹಿನ್ನೀರಿಗೆ ಎಳೆದುಕೊಂಡು ಹೋದೆವು. ಅಲ್ಲೇ ಹತ್ತಿರದಲ್ಲಿರುವ ನನ್ನ ಭಾವಮೈದುನ ಪರ್ಮಿಷನ್ ಮಾಡಿಸಿ, ದಡದಲ್ಲಿ ಹಗ್ಗ ಹಿಡಿದು ಕಾದಿದ್ದ. “ಕರೆದ್ರೆ ಬರ್ತೀನಿ ಭಾವ” ಅಂದ. “ಕರೆಯಲ್ಲ” ಅಂದೆ.

ಇಂಜಿನ್ ಮೊದಲ ಎಳೆತಕ್ಕೇ ಹೊತ್ತಿಕೊಂಡಿತು. ಅಮ್ಮ ರೇಷ್ಮೆ ಸೀರೆಯ ಮೇಲೆ ಲೈಫ್ ಜಾಕೆಟ್ ತೊಟ್ಟು, ಹಿಂದಿನ ಸೀಟಿನಲ್ಲಿ ಚಪ್ಪಲಿ ಬಿಚ್ಚಿ ಕೂತಿದ್ದಳು, ಮಡಿಲಲ್ಲಿ ಎಲೆಅಡಿಕೆ ಚೀಲ. ಹೆಂಡತಿಯ ಮುಖದ ಗಂಟೂ ಸಡಿಲವಾಗುತ್ತಿತ್ತು. ನೀರಿನ ಮಧ್ಯೆ, ಹಕ್ಕಿ ನೋಡೋಣ ಅಂತ ಇಂಜಿನ್ ನಿಲ್ಲಿಸಿದೆ. ಅಷ್ಟು ಸುಖವಾದ ಗಳಿಗೆ ನನ್ನ ಜೀವನದಲ್ಲಿ ಹೆಚ್ಚಿಲ್ಲ.

“ಏನು ಅನುಕೂಲ ಮಾಡಿದಾರಪ್ಪ,” ಅಂದಳು ಅಮ್ಮ.

ತಿರುಗಿ ನೋಡಿದೆ. ಬೋಟಿನೊಳಗೆ ಅವಳ ಕಾಲಂದುಗೆ ಮುಳುಗುವಷ್ಟು ನೀರು.

ಬಿರಡೆ! ಓಡುವಾಗ ಒಳಗೆ ಬರದ ನೀರು, ನಿಂತ ಕೂಡಲೇ ತೂತಿನಿಂದ ನುಗ್ಗುತ್ತಿತ್ತು. ಬಗ್ಗಿ ಹೆಬ್ಬೆರಳು ತುರುಕಿದೆ. ನೀರು ನಿಂತಿತು, ನಾನೂ ಅಲ್ಲೇ ನಿಂತೆ. ಬೆರಳು ತೆಗೆದರೆ ಮುಳುಗುತ್ತೇವೆ, ತೆಗೆಯದಿದ್ದರೆ ಇಂಜಿನ್ ದಾರ ಎಳೆಯುವವರಿಲ್ಲ.

“ತಮ್ಮನಿಗೆ ಫೋನ್ ಮಾಡ್ಲಾ?” ಹೆಂಡತಿ ಕೇಳಿದಳು. ದನಿಯಲ್ಲಿ ಭಯವಿತ್ತು, ಗೆಲುವೂ ಇತ್ತು.

“ಬೇಡ ಕಣೇ, ದಮ್ಮಯ್ಯ!”

ಅಮ್ಮ ಎಲೆ ಅಗಿಯುತ್ತಾ, “ಏನೋ ಹುಡುಕ್ತಾ ಇದೀಯ?” ಅಂದಳು.

“ಬಿರಡೆ ಅಮ್ಮಾ! ಹಿತ್ತಾಳೆದು! ದೇವರ ಮನೇಲೇ ಉಳೀತು!”

ಅಮ್ಮ ಚೀಲಕ್ಕೆ ಕೈ ಹಾಕಿದಳು. ಅಡಿಕೆ ಬಂತು, ಸುಣ್ಣದ ಡಬ್ಬಿ ಬಂತು, ಆಮೇಲೆ ಕುಂಕುಮ ಹಚ್ಚಿದ, ಫಳಫಳ ಹೊಳೆಯುವ ಬಿರಡೆ ಬಂತು. “ಇದಾ? ಬೆಳಿಗ್ಗೆ ಪೂಜೆಯಿಂದ ತೆಗೆದು ಭದ್ರವಾಗಿ ಇಟ್ಕೊಂಡೆ. ನಿನ್ನ ಕೈಗೆ ಕೊಟ್ರೆ ಕಳೀತೀಯ.”

ಬಿರಡೆ ತಿರುಗಿಸಿ, ನೀರು ಹೊರಚೆಲ್ಲಿ, ದಡ ಸೇರಿಸಿದೆ. ಯಾರನ್ನೂ ಕರೆದಿರಲಿಲ್ಲ, ನಿಜ. ಆದರೆ ಹೆಂಡತಿಯ ಸೀರೆ ಮೊಣಕಾಲವರೆಗೆ ತೊಯ್ದಿತ್ತು, ಬಾಯಿ ಬಿಗಿದಿತ್ತು. ಬೋಟು ಹೋಯಿತು ಅಂದುಕೊಂಡು ಅದರ ಅಂಚನ್ನು ಒಮ್ಮೆ ಸವರಿದೆ.

ಭಾವಮೈದುನ ಅಮ್ಮನ ಕೈಹಿಡಿದು ಇಳಿಸುತ್ತಾ, “ಹೇಗಿತ್ತಮ್ಮಾ?” ಅಂತ ಕೇಳಿದ.

“ತುಂಬ ಚೆನ್ನಾಗಿತ್ತಪ್ಪ,” ಅಂದಳು ಅಮ್ಮ. ಆಮೇಲೆ ನನ್ನ ಕಡೆ ನೋಡಿ ಬೇಸರದಿಂದ, “ಕಾಲಿಗೆ ತಣ್ಣಗೆ ನೀರು ಬಿಡ್ತಾ ಇದ್ರು. ಇವನೇ ಯಾಕೋ ನಿಲ್ಲಿಸ್ಬಿಟ್ಟ!”

ಹೆಂಡತಿ ಕೆಸರಿನಲ್ಲೇ ಕುಕ್ಕರಿಸಿ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ಕೊನೆಗೆ ಹೇಳಿದಳು: “ಬೋಟ್ ಇರ್ಲಿ ಬಿಡಿ. ಬಿರಡೆ ಮಾತ್ರ ಅತ್ತೆ ಹತ್ರನೇ ಇರ್ಲಿ.”

ಬೋಟು ಇನ್ನೂ ಗೇಟಿನ ಮುಂದೆಯೇ ಇದೆ. ಬಿರಡೆ ಇವತ್ತಿಗೂ ಅಮ್ಮನ ಎಲೆಅಡಿಕೆ ಚೀಲದಲ್ಲೇ ಇದೆ.