ಸೋಲಲು ಹೊರಟ ಬೇಳೆಮಾಮ

ಇವತ್ತು ಹೇಗಾದರೂ ಸೋಲಲೇಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡೇ ಬೇಳೆಮಾಮ ಪ್ರಯೋಗಾಲಯಕ್ಕೆ ಬಂದರು.

ಎಲ್ಲಕ್ಕೂ ಕಾರಣ ನಿರ್ದೇಶಕರು ಬಾಗಿಲಿಗೆ ಅಂಟಿಸಿದ್ದ ಒಂದು ಚೀಟಿ. ಅಲಸಂದೆ ಕಾಳಿನಿಂದ ಪ್ರೋಟೀನು ತೆಗೆಯಲು ಅಲ್ಲಿ ಎರಡು ವಿಧಾನಗಳಿದ್ದವು. ಮಾಮನದು ಹಳೆಯದು: ಹಿಟ್ಟನ್ನು ಕ್ಷಾರದ ನೀರಿನಲ್ಲಿ ಕದಡಿ, ಸೋಸಿ, ಆಮ್ಲದ ಹನಿ ಬಿಟ್ಟು, ಹಾಲು ಒಡೆದಂತೆ ಒಡೆಸಿ, ತಳಕ್ಕೆ ಕೂತದ್ದನ್ನು ಒಣಗಿಸುವುದು. ಇಪ್ಪತ್ತೆಂಟು ವರ್ಷ ಅದನ್ನೇ ಮಾಡಿ ಅವರಿಗೆ ಬೇಳೆಮಾಮ ಎಂಬ ಹೆಸರು ಅಂಟಿತ್ತು. ಇನ್ನೊಂದು, ಹೊಸದಾಗಿ ಸೇರಿದ ಹುಡುಗಿಯ ಯಂತ್ರ. ಶಬ್ದದ ಅಲೆಯಿಂದಲೇ ಹಿಟ್ಟನ್ನು ನಡುಗಿಸಿ ಪ್ರೋಟೀನು ಬಿಡಿಸುತ್ತಿತ್ತು. ಎರಡನ್ನೂ ಹೋಲಿಸಿ, ಹೆಚ್ಚು ಕೊಟ್ಟದ್ದನ್ನಷ್ಟೇ ಉಳಿಸುವುದೆಂದು ಚೀಟಿ ಹೇಳಿತ್ತು. ಮಾಮ ಸೋತರೆ ಉಗ್ರಾಣದಲ್ಲಿ ಬಾಟಲಿ ಜೋಡಿಸುವ ಕೆಲಸ. ಹುಡುಗಿ ಸೋತರೆ ಅವಳ ಹಂಗಾಮಿ ಕೆಲಸಕ್ಕೇ ಸಂಚಕಾರ.

‘ನಂದೇನು, ರಿಟೈರಾಗೋಕೆ ಇನ್ನೆರಡು ವರ್ಷ. ದಿನಾ “ಊಟ ಆಯ್ತಾ ಮಾಮ” ಅಂತ ಕೇಳೋ ಮಗು ಎಲ್ಲಿಗೆ ಹೋಗುತ್ತೆ?’ ಎಂದು ಮಾಮ ಲೆಕ್ಕ ಹಾಕಿದ್ದರು.

ಆದರೆ ಸೋಲಲು ಜನ ಬಿಡಬೇಕಲ್ಲ! ಮಾಮ ಬೇಕೆಂದೇ ಆಮ್ಲವನ್ನು ಧಾರಾಳವಾಗಿ ಸುರಿಯಹೊರಟರು. ಪಕ್ಕದ ಮೇಜಿನವನು ಓಡಿಬಂದು ಕೈ ಹಿಡಿದ.

“ಏನ್ ಮಾಮ, ಕೈ ನಡುಗ್ತಿದೆ? ಕೊಡಿ ಇಲ್ಲಿ, ನಾನಿಲ್ವಾ?” ಎಂದು ಒಂದೊಂದೇ ಹನಿಯಾಗಿ ಹದವಾಗಿ ತಾನೇ ಬಿಟ್ಟ.

ಒಡೆದ ಪ್ರೋಟೀನನ್ನು ಗಿರಗಿರ ತಿರುಗಿಸಿ ತಳಕ್ಕೆ ಕೂರಿಸುವ ಯಂತ್ರವನ್ನು ಮಾಮ ಅರ್ಧದಲ್ಲೇ ನಿಲ್ಲಿಸಿದರು. ಗಾಜಿನ ಸಾಮಾನು ತೊಳೆಯುವ ಅಕ್ಕ ಒದ್ದೆ ಕೈ ಒರೆಸಿಕೊಂಡು ಬಂದು ಮತ್ತೆ ಗುಂಡಿ ಒತ್ತಿದಳು.

“ಇನ್ನೂ ಹತ್ತು ನಿಮಿಷ ಇತ್ತಲ್ಲ ಮಾಮ! ನೀವು ಸೋತ್ರೆ ನಮಗೆಲ್ಲ ಅವಮಾನ.”

ಮಾಮ ಹಲ್ಲು ಕಡಿದುಕೊಂಡು “ನಿನ್ನ ಉಪಕಾರ ಮರೆಯಲ್ಲ ತಾಯಿ” ಎಂದರು. ಅವರ ಪ್ರೋಟೀನು ಎಂದೂ ಇಷ್ಟು ಸೊಗಸಾಗಿ ಬಂದಿರಲಿಲ್ಲ.

ಕೊನೆಗೆ ಎಲ್ಲರೂ ಊಟಕ್ಕೆ ಹೋದಾಗ, ಒಣಗಿದ ತಮ್ಮ ಪುಡಿಯಿಂದ ಎರಡು ಚಮಚ ತೆಗೆದು ಹುಡುಗಿಯ ತಟ್ಟೆಗೆ ಸುರಿದರು. ಆಮೇಲೆ ನೆಮ್ಮದಿಯಾಗಿ ಊಟಕ್ಕೆ ಹೋದರು.

ಮಧ್ಯಾಹ್ನ ನಿರ್ದೇಶಕರು ತೂಗಿದರು. ಹುಡುಗಿಯದು ಎಂಟು ಗ್ರಾಂ. ಮಾಮನದು ಇಪ್ಪತ್ತೇಳು. ನಿರ್ದೇಶಕರು ಕನ್ನಡಕ ತೆಗೆದು ಒರೆಸಿ, ಮತ್ತೆ ತೂಗಿದರು.

“ನಿಮಗೆ ಕೊಟ್ಟ ನೂರು ಗ್ರಾಂ ಹಿಟ್ಟಲ್ಲಿ ಪ್ರೋಟೀನು ಇರೋದೇ ಇಪ್ಪತ್ನಾಲ್ಕು. ಮಿಕ್ಕ ಮೂರು ನಿಮ್ಮ ಮನೆಯಿಂದ ತಂದ್ರಾ?”

ಹುಡುಗಿ ತಲೆ ತಗ್ಗಿಸಿದಳು. “ಸಾರ್, ಊಟದಿಂದ ಬೇಗ ಬಂದು ನಾನೇ ಮಾಮನ ತಟ್ಟೆಗೆ ನಾಲ್ಕು ಚಮಚ ಹಾಕ್ದೆ. ಈ ವಯಸ್ಸಲ್ಲಿ ಅವರು ಬಾಟಲಿ ಹೊರಬೇಕಾ?”

“ನಾಲ್ಕಾ? ನಾನು ಎರಡೇ ಹಾಕಿದ್ದು!” ಎಂದುಬಿಟ್ಟ ಮಾಮ ನಾಲಿಗೆ ಕಚ್ಚಿಕೊಂಡರು. ಕಣ್ಣು ಮಾತ್ರ ತುಂಬಿ ಬಂದಿತ್ತು.

ನಿರ್ದೇಶಕರಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. “ನಾಳೆ ಮತ್ತೆ ಮಾಡಿ, ನನ್ನ ಕಣ್ಣೆದುರಿಗೆ. ಅವಳ ಯಂತ್ರ ನೀವು ಓಡಿಸಿ, ನಿಮ್ಮ ವಿಧಾನ ಅವಳು ಮಾಡ್ಲಿ. ಆಗ ಇಬ್ರೂ ಮೈಬಗ್ಗಿಸಿ ದುಡೀತೀರಿ!”

ಮಾಮನಿಗೆ ಹೋದ ಜೀವ ಬಂದಂತಾಯಿತು. ನಾಳೆ ಆ ಯಂತ್ರವನ್ನು ಗೆಲ್ಲಿಸಿಯೇ ಸೈ! ಉಳಿದವರೆಲ್ಲ ಹೋದ ಮೇಲೆ ಕನ್ನಡಕ ಏರಿಸಿ ಅದರ ಮುಂದೆ ನಿಂತರು. ಮೈತುಂಬ ಗುಂಡಿಗಳು.

“ಪುಟ್ಟಾ, ಇದನ್ನ ಶುರು ಮಾಡೋದು ಹೇಗೆ?”

ಹುಡುಗಿ ಆಗಲೇ ಮಾಮನ ಕ್ಷಾರದ ನೀರನ್ನು ಶ್ರದ್ಧೆಯಿಂದ ಅಳೆಯುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು:

“ಹೇಳಿಕೊಡಲ್ಲ, ಹೋಗಿ ಮಾಮ.”